ಮಗು ಶಾಲೆಗೆ ಹೊರಟಾಗ ತಾಯಿಗೆ ಹಗುರವೆನಿಸುವುದು ತಪ್ಪೇ?

ಬರುವ ಜೂನ್‌ನಲ್ಲಿ ನಿಮ್ಮ ಮಗ ಎಲ್‌ಕೆಜಿಗೆ ಸೇರಲಿದ್ದಾನೆ, ಸಮವಸ್ತ್ರದ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು ನಿಮಗೆ ಗಂಟಲು ಕಟ್ಟುತ್ತದೆ, ಆದರೆ ಅದೇ ಗಳಿಗೆಯಲ್ಲಿ ನಾಲ್ಕು ವರ್ಷಗಳಿಂದ ಮೂಲೆ ಸೇರಿರುವ ಹೊಲಿಗೆ ಯಂತ್ರವನ್ನು ಮತ್ತೆ ಹೊರಗೆ ಎಳೆಯಬಹುದೆಂಬ ಆಸೆಯೂ ತಲೆಯೆತ್ತುತ್ತದೆ ಎಂದು ಬರೆದಿದ್ದೀರಿ. ಆ ಆಸೆಗೆ ನಿಮಗೇ ನಾಚಿಕೆಯಾಗುತ್ತದೆ. ಅತ್ತರೆ ಅತ್ತೆಯವರು 'ಲೋಕದಲ್ಲಿ ನೀನೊಬ್ಬಳೇ ಮಗುವನ್ನು ಶಾಲೆಗೆ ಕಳಿಸುತ್ತಿದ್ದೀಯಾ' ಎನ್ನುತ್ತಾರೆ, ನಕ್ಕರೆ ನಿಮ್ಮ ಮನಸ್ಸೇ ನಿಮ್ಮನ್ನು ಚುಚ್ಚುತ್ತದೆ. 'ನಾನು ಕೆಟ್ಟ ತಾಯಿಯೇ?' ಎಂಬುದು ನಿಮ್ಮ ಪ್ರಶ್ನೆ. ಅಲ್ಲ. ಇಷ್ಟು ಹೇಳಿದರೆ ಉತ್ತರ ಮುಗಿಯಿತು; ಆದರೆ ಇಷ್ಟರಿಂದ ನಿಮಗೆ ನಂಬಿಕೆ ಬರುವುದಿಲ್ಲವೆಂದು ಬಲ್ಲೆ, ಏಕೆಂದರೆ ನನಗೂ ಬಂದಿರಲಿಲ್ಲ.

ನಾನು ಚಿತ್ರದುರ್ಗದ ಪಕ್ಕದ ಹಳ್ಳಿಯೊಂದರಲ್ಲಿ ಹುಟ್ಟಿ, ದಾವಣಗೆರೆಗೆ ಸೊಸೆಯಾಗಿ ಬಂದವಳು. ಮಗನನ್ನು 2017ರ ಜೂನ್‌ನಲ್ಲಿ, ಮಗಳನ್ನು 2024ರ ಜೂನ್‌ನಲ್ಲಿ ಶಾಲೆಗೆ ಸೇರಿಸಿದೆ. ಮನೆ ಅದೇ, ಶಾಲೆ ಅದೇ, ತಾಯಿಯೂ ಅವಳೇ. ಆದರೂ ಎರಡು ಸಲ ನನ್ನೊಳಗೆ ನಡೆದದ್ದಕ್ಕೆ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ಮಗನ ಸಲ ವಾರಗಟ್ಟಲೆ ತಯಾರಿ ನಡೆಸಿದ್ದೆ. ಇಂಗ್ಲಿಷ್ ಮಾಧ್ಯಮದ ಶಾಲೆ, ಹುಡುಗನಿಗೆ 'ಒಂದಕ್ಕೆ', 'ಎರಡಕ್ಕೆ' ಬಿಟ್ಟರೆ ಬೇರೆ ಮಾತು ಗೊತ್ತಿಲ್ಲ, ಅಲ್ಲಿ ನಗೆಪಾಟಲಾದಾನು ಎಂದು ಹೆದರಿ, 'ಮಿಸ್, ಮೇ ಐ ಗೋ ಟು ಟಾಯ್ಲೆಟ್' ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದೆ. ಮೊದಲ ದಿನವೇ ಅವನು ಒದ್ದೆ ಚಡ್ಡಿಯಲ್ಲಿ ಹೊರಗೆ ಬಂದ. ಸಮಯಕ್ಕೆ ಆ ವಾಕ್ಯ ನೆನಪಿಗೆ ಬಂದಿರಲಿಲ್ಲ. ವಾಕ್ಯ ಬಾರದಿದ್ದರೆ ಕೇಳುವಂತಿಲ್ಲ ಎಂದು ಅವನು ತಿಳಿದುಕೊಂಡಿದ್ದ. ಅವನ ಮಿಸ್ ಹರಿಹರದ ಕಡೆಯವರು, ನಮ್ಮಂತೆಯೇ ಕನ್ನಡ ಮಾತಾಡುವವರು. 'ಒಂದಕ್ಕೆ' ಎಂದಿದ್ದರೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಆ ತಪ್ಪನ್ನು ಹೊರಿಸಲು ನನಗೆ ನನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ. ತಾಯಿಯ ದಿಗಿಲು ಊಟದ ಡಬ್ಬಿಯ ಜೊತೆಗೇ ಮಗುವಿನ ಚೀಲ ಸೇರಿಕೊಂಡು ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಆ ವರ್ಷದ ಇನ್ನೊಂದು ನೆನಪು ಅಶೋಕ ರಸ್ತೆಯ ರೈಲ್ವೆ ಗೇಟಿನದು. ನಮ್ಮ ಮನೆ ಮಂಡಿಪೇಟೆಯ ಕಡೆ, ಶಾಲೆ ಪಿ.ಜೆ. ಬಡಾವಣೆಯ ಕಡೆ, ನಡುವೆ ಆ ಗೇಟು. ದಾವಣಗೆರೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ವಿವರಿಸಿದರೂ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಗೇಟು ಬಿದ್ದು, ಗೂಡ್ಸ್ ಗಾಡಿಯೊಂದು ತೆವಳುತ್ತ ಹೋಗಿ, ಅದರ ಹಿಂದೆಯೇ ಇನ್ನೊಂದು ಬರುವುದಿದೆಯೆಂದು ಗೇಟನ್ನು ಎತ್ತದೆ, ನಾನು ಸ್ಕೂಟಿಯ ಮೇಲೆ ಕುಳಿತಲ್ಲೇ ಮಗ ಒಬ್ಬನೇ ಅಳುತ್ತ ನಿಂತಿರುವುದನ್ನೂ, ರಸ್ತೆಗೆ ಓಡಿ ಬರುವುದನ್ನೂ, ಮತ್ತೆ ಇಲ್ಲಿ ಬರೆಯಲಾಗದ ಏನೇನನ್ನೋ ಕಣ್ಣಮುಂದೆ ಕಂಡೆ. 20 ನಿಮಿಷ ತಡವಾಗಿ ಹೋಗಿ ನೋಡಿದರೆ, ಅವನು ಶಾಲೆಯ ಆಯಾ ಪಕ್ಕದಲ್ಲಿ ಕುಳಿತು ಅವರ ಸೆರಗಿನಲ್ಲಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಆಯ್ದು ತಿನ್ನುತ್ತಿದ್ದ. 'ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಬಾ' ಎಂದ. ನನಗೆ ನೆಮ್ಮದಿಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು.

ನಿಮಗೆ ಯಾರೂ ಹೇಳದ ಸಂಗತಿ ಇದೇ ಎಂದು ನನಗೆ ತೋರುತ್ತದೆ. ಮಗು ಅಳುವಾಗಿನ ಸಂಕಟಕ್ಕೆ ಎಲ್ಲರೂ ನಿಮ್ಮನ್ನು ಸಿದ್ಧಪಡಿಸುತ್ತಾರೆ. ಅಳು ನಿಂತ ಮೇಲೆ ಬರುವ ಸಂಕಟದ ಸುದ್ದಿಯನ್ನೇ ಎತ್ತುವುದಿಲ್ಲ. ನಾಲ್ಕು ವರ್ಷ ಅವನು ಎಷ್ಟು ತುತ್ತು ಉಂಡ, ಎಲ್ಲಿ ಎಡವಿದ, ಯಾವ ಮಾತಿಗೆ ನಕ್ಕ ಎಂಬುದೆಲ್ಲ ನನಗೆ ಗೊತ್ತಿತ್ತು, ಅವನಿಗೆ ನೆನಪಿಲ್ಲದ ಅವನ ಬದುಕು ಕೂಡ ನನ್ನ ಬಳಿ ಇತ್ತು. ಈಗ ದಿನಕ್ಕೆ ಮೂರೂವರೆ ಗಂಟೆಯಷ್ಟು ನಾನು ಕಾಣದ ಬದುಕೊಂದು ಅವನಿಗೆ ಹುಟ್ಟಿಕೊಂಡಿತು. 'ಇವತ್ತು ಏನು ಮಾಡಿದೆ?' ಎಂದರೆ 'ಏನಿಲ್ಲ' ಎನ್ನುತ್ತಿದ್ದ. 'ಪಕ್ಕದಲ್ಲಿ ಯಾರು ಕೂತಿದ್ದರು?' ಎಂದರೆ 'ಗೊತ್ತಿಲ್ಲ.' ನಾನು ಠಾಣೆಯಲ್ಲಿ ಕೂರಿಸಿಕೊಂಡು ಕೇಳಿದಂತೆ ಕೇಳುತ್ತಿದ್ದೆ, ಅವನು ಹೇಳದಿದ್ದರೆ ಅವನ ತರಗತಿಯ ಬೇರೆ ಮಕ್ಕಳ ತಾಯಂದಿರಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಅವನೇನೂ ಮುಚ್ಚಿಡುತ್ತಿರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಒಂದು ಇಡೀ ಬೆಳಗನ್ನು ಸಾಲಾಗಿ ಜೋಡಿಸಿ ಒಪ್ಪಿಸುವುದು ಬಾರದು. ರಾತ್ರಿ ದೀಪ ಆರಿಸಿ, ನಾನು ಕೇಳುವುದನ್ನು ಬಿಟ್ಟು, ಅರೆನಿದ್ದೆಯಲ್ಲಿದ್ದಾಗ ಅವನೇ 'ಅಮ್ಮಾ, ಒಬ್ಬ ಹುಡುಗ ಬಳಪ ತಿಂದ' ಎಂದು ಶುರು ಮಾಡುತ್ತಿದ್ದ. ನನಗೆ ಸಿಕ್ಕಿದ್ದು ಇಂಥ ಚೂರುಗಳು ಮಾತ್ರ. ಆ ಚೂರುಗಳಿಗೆ ಒಗ್ಗಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಶಾಲೆಗೆ ಒಗ್ಗಿಕೊಳ್ಳಲು ಅವನಿಗೆ ಮೂರು ವಾರ ಸಾಕಾಯಿತು.

ಮಗಳ ಹೊತ್ತಿಗೆ ಎಲ್ಲ ತಿರುವುಮುರುವು. ಅವಳು 2019ರ ಆಗಸ್ಟ್‌ನಲ್ಲಿ ಹುಟ್ಟಿದವಳು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿ, ಅದನ್ನು 2025-26ನೇ ಸಾಲಿನಿಂದ ಜಾರಿಗೆ ತರುವುದೆಂದು ತೀರ್ಮಾನವಾಗಿದ್ದರಿಂದ, 4 ತುಂಬಲು ಎರಡು ತಿಂಗಳಿಗೆ ತುಸು ಹೆಚ್ಚು ಬಾಕಿಯಿದ್ದ ಅವಳನ್ನು 2023ರಲ್ಲಿ ಶಾಲೆಯವರು, ಎರಡು ವರ್ಷ ಬಿಟ್ಟು ಒಂದನೆಯ ತರಗತಿಗೆ ಹೋಗುವಾಗ 6 ತುಂಬಿರುವುದಿಲ್ಲವೆಂದು, ಎಲ್‌ಕೆಜಿಗೆ ಸೇರಿಸಿಕೊಳ್ಳಲಿಲ್ಲ, ಮುಂದಿನ ವರ್ಷ ಕರೆತನ್ನಿ ಎಂದರು. 'ಒಂದು ವರ್ಷ ಹಾಳಾಯಿತಲ್ಲ' ಎಂದು ಓಣಿಯವರು ಮರುಗಿದರು. ನಾನೂ ಮರುಗಿದೆ, ಅವಳ ವರ್ಷಕ್ಕಲ್ಲ, ನನ್ನ ವರ್ಷಕ್ಕೆ. ಆ ವರ್ಷ ಒಂದು ಟ್ಯೂಷನ್ ತರಗತಿ ನಡೆಸಬೇಕೆಂದು ಲೆಕ್ಕ ಹಾಕಿಕೊಂಡಿದ್ದವಳು ನಾನು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ಸಾಲಿಗೆ ಮಾತ್ರ ಮಿತಿಯನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ನನಗೆ ಬಂದ ಸಿಟ್ಟು ಬರೆಯುವಂಥದ್ದಲ್ಲ. (ನಿಮ್ಮ ಮಗನಿಗೆ ಏಪ್ರಿಲ್‌ನಲ್ಲಿ 4 ತುಂಬುತ್ತದೆ ಎಂದಿದ್ದೀರಿ, 6ರ ಲೆಕ್ಕ ನಿಮಗೆ ಸರಿಹೋಗುತ್ತದೆ.)

ಅಂತೂ 2024ರ ಜೂನ್‌ನಲ್ಲಿ ಅವಳನ್ನು ಬಿಟ್ಟೆ. ಅವಳು ಅಳಲಿಲ್ಲ, ತಿರುಗಿಯೂ ನೋಡಲಿಲ್ಲ, ನಾನೂ ಅಳಲಿಲ್ಲ. ಸ್ಕೂಟಿಯನ್ನು ಮನೆಯ ಕಡೆ ತಿರುಗಿಸದೆ ಹೋಟೆಲೊಂದರ ಮುಂದೆ ನಿಲ್ಲಿಸಿ, ಒಬ್ಬಳೇ ಕುಳಿತು ಬೆಣ್ಣೆ ದೋಸೆ ತಿಂದೆ. ದಾವಣಗೆರೆಯಲ್ಲಿ ಅಷ್ಟು ವರ್ಷ ಸಂಸಾರ ಮಾಡಿದ್ದರೂ, ಮೇಲಿನ ಬೆಣ್ಣೆ ಕರಗಿ ಹೋಗುವ ಮೊದಲೇ, ಯಾರ ಬಾಯಿಗೂ ಮೊದಲ ತುತ್ತು ಇಡದೆ, ಯಾರ ಕೈಯನ್ನೂ ಚಟ್ನಿಯ ಬಟ್ಟಲಿನಿಂದ ಸರಿಸದೆ ದೋಸೆ ತಿಂದದ್ದು ಮಗ ಹುಟ್ಟಿದ ಮೇಲೆ ಅದೇ ಮೊದಲು. ಇನ್ನೊಂದನ್ನೂ ತರಿಸಿದೆ. ಅದಾದ ಮೇಲೆ, ಗೇಟು ಬಿದ್ದೀತೆಂಬ ಭಯವೂ ಇಲ್ಲದಿದ್ದಾಗ, ಶಾಲೆ ಬಿಡುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ ಕಾಂಪೌಂಡಿನ ಹೊರಗೆ ನಿಂತುಕೊಂಡೆ. ಎರಡನೆಯ ದೋಸೆ ತಿಂದವಳೂ ಬಿಸಿಲಿನಲ್ಲಿ ಕಾದು ನಿಂತವಳೂ ನಾನೇ; ಇಬ್ಬರಲ್ಲಿ ಒಬ್ಬಳು ನಟಿಸುತ್ತಿದ್ದಳೆಂದು ನನಗೆ ಅನ್ನಿಸಲಿಲ್ಲ. ಆ ರಾತ್ರಿ ಮಗಳು 'ನೀನು ಇವತ್ತು ಏನು ಮಾಡಿದೆ?' ಎಂದು ಕೇಳಿದಳು. 'ಏನಿಲ್ಲ' ಎಂದೆ.

ದೋಸೆಯ ವಿಷಯವನ್ನು ಹೇಳಿದ್ದು ನನ್ನವ್ವನಿಗೆ ಮಾತ್ರ. ಅವ್ವ ಶೇಂಗಾ ಬಿಡಿಸುವುದಕ್ಕೂ ಕಳೆ ತೆಗೆಯುವುದಕ್ಕೂ ಕೂಲಿ ಹೋಗುತ್ತಿದ್ದವಳು; ಮೂರು ವರ್ಷದ ನನ್ನನ್ನು ಊರಿನ ಅಂಗನವಾಡಿಗೆ ಬಿಟ್ಟು ಹೊಲಕ್ಕೆ ನಡೆಯುತ್ತಿದ್ದಳು. 'ನಿನಗೆ ಅಳು ಬರುತ್ತಿರಲಿಲ್ಲವೇ?' ಎಂದು ಕೇಳಿದೆ. 'ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು? ನಿನ್ನ ಅಳು ಕೇಳದಷ್ಟು ದೂರ ಹೋದ ಮೇಲೆ ಕಾಲು ಹಗುರಾಗುತ್ತಿದ್ದವು' ಎಂದಳು. ಅಂಗನವಾಡಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಅಂದಿನಿಂದ ಎಷ್ಟು ತಾಯಂದಿರು ಹೀಗೆ ಹಗುರಾದ ಕಾಲಿನಲ್ಲಿ ಹೊಲಗಳಿಗೆ ನಡೆದಿದ್ದಾರೋ, ಅವರನ್ನು ಯಾರೂ ಕೆಟ್ಟ ತಾಯಂದಿರು ಎನ್ನಲಿಲ್ಲ. ನಮ್ಮಲ್ಲಿ ಹೊಟ್ಟೆಪಾಡಿಗಾಗಿ ಮಗುವನ್ನು ಬಿಟ್ಟು ಹೋದರೆ ಕ್ಷಮೆಯಿದೆ, ಇಷ್ಟಕ್ಕಾಗಿ ಹೋದರೆ ಇಲ್ಲ. ನಿಮ್ಮ ನಾಚಿಕೆ ಹುಟ್ಟಿದ್ದು ಮಗನಿಂದಲ್ಲ, ಈ ಲೆಕ್ಕಾಚಾರದಿಂದ ಎಂದು ನನ್ನ ಅನುಮಾನ.

ಬಿ.ಇಡಿ. ಓದುವಾಗ ಪರಿಚಯವಾಗಿದ್ದ ಒಂದು ಹೆಸರು ಆಗ ನೆನಪಾಯಿತು: ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್. ತಾಯಿ ಪರಿಪೂರ್ಣಳಾಗಿರಬೇಕಿಲ್ಲ, ಸಾಕೆನ್ನುವಷ್ಟು ಒಳ್ಳೆಯವಳಾದರೆ ಆಯಿತು, ಮಗುವಿನ ತಾಳಿಕೆ ಬೆಳೆದಂತೆಲ್ಲ ಅವಳು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಕಡಿಮೆ ಬೀಳುವುದೂ ಮಗುವಿಗೆ ಬೇಕಾದದ್ದೇ ಎಂಬುದು ಅವರ ವಾದ. 1949ರಲ್ಲೇ ಅವರು, ತಾಯಿಗೆ ತನ್ನ ಕೂಸಿನ ಮೇಲೆ ಪ್ರೀತಿಯ ಜೊತೆಗೆ ದ್ವೇಷವೂ ಹುಟ್ಟಲು ಏನೇನು ಕಾರಣಗಳಿವೆ ಎಂದು ಪಟ್ಟಿ ಮಾಡಿ ಬರೆದಿದ್ದರು. ಓದುವಾಗ ಪರೀಕ್ಷೆಗೆಂದು ಬರೆದುಕೊಂಡಿದ್ದೆ. ಹೆತ್ತ ಮೇಲೆ ಆ ಪಟ್ಟಿಗೆ ಇನ್ನೂ ನಾಲ್ಕು ಸೇರಿಸಬಲ್ಲೆ ಅನ್ನಿಸಿತು.

ಇನ್ನು ನಿಮ್ಮ ಮಗನ ಅಳುವಿನ ವಿಷಯ. ಅಗಲಿಕೆಯ ಅಂಜಿಕೆ ಸಾಮಾನ್ಯವಾಗಿ 8 ತಿಂಗಳ ಸುಮಾರಿಗೆ ಕಾಣಿಸಿಕೊಂಡು, 3 ವರ್ಷದ ಹೊತ್ತಿಗೆ ಬಹುಮಟ್ಟಿಗೆ ತಗ್ಗುತ್ತದೆ. ಹೊಸ ಜಾಗ, ಹೊಸ ಮುಖ ಎದುರಾದಾಗ ಮತ್ತೆ ಮರುಕಳಿಸುತ್ತದೆ. ಹೆಚ್ಚಿನ ಮಕ್ಕಳು ತಾಯಿ ಕಣ್ಣಿಗೆ ಮರೆಯಾದ ಕೆಲವೇ ನಿಮಿಷಗಳಲ್ಲಿ ಸುಮ್ಮನಾಗುತ್ತಾರೆ, ನೀವು ಕಿಟಕಿಯಲ್ಲಿ ಇಣುಕಿದರೆ ಆ ನಿಮಿಷಗಳು ಮೊದಲಿನಿಂದ ಶುರುವಾಗುತ್ತವೆ. ಅವನು ಆಟದಲ್ಲಿ ಮುಳುಗಿದ್ದಾಗ ಕಳ್ಳಹೆಜ್ಜೆಯಲ್ಲಿ ಜಾರಿಕೊಳ್ಳುವ ಉಪಾಯವನ್ನು ಮನೆಯ ಹಿರಿಯರು ಹೇಳಿಕೊಡುತ್ತಾರೆ, ದಯವಿಟ್ಟು ಮಾಡಬೇಡಿ. ನಾನು ಎರಡು ದಿನ ಮಾಡಿದೆ, ಮೂರನೆಯ ದಿನದಿಂದ ನನ್ನ ಮಗ ಮನೆಯಲ್ಲಿ ಬಚ್ಚಲಿಗೂ ನನ್ನ ಸೆರಗು ಹಿಡಿದೇ ಬರತೊಡಗಿದ. 'ಊಟದ ಡಬ್ಬಿ ಮುಗಿಸಿ, ಹಾಡು ಹೇಳಿ ಆದ ಮೇಲೆ ಬರುತ್ತೇನೆ' ಎಂದು ಅವನಿಗೆ ಅರ್ಥವಾಗುವ ಗಡಿಯಾರದಲ್ಲಿ ಹೇಳಿ, ಒಂದೇ ಸಲ ಹೇಳಿ, ಹೊರಟುಬಿಡಿ. ಮೊದಲ ವಾರ ನಗುತ್ತ ಹೋದ ಮಗು ಎರಡನೆಯ ವಾರ ಅತ್ತರೆ ಗಾಬರಿಯಾಗಬೇಡಿ. ಇದು ಒಂದು ದಿನದ ಜಾತ್ರೆಯಲ್ಲ, ದಿನಾ ಬರಬೇಕಾದದ್ದು ಎಂದು ಅವನಿಗೆ ತಿಳಿಯುವುದೇ ಆಗ. ದಸರಾ ರಜೆ ಮುಗಿದಾಗ ಇನ್ನೊಂದು ಸುತ್ತು ಇರುತ್ತದೆ. ಅವನ ಮುಂದೆ ನಿಮ್ಮ ಕಣ್ಣು ತುಂಬಿದರೆ ಅದನ್ನು ಅಡಗಿಸುವ ಸರ್ಕಸ್ಸು ಬೇಕಿಲ್ಲ, 'ಅಮ್ಮನಿಗೂ ನಿನ್ನ ನೆನಪಾಗುತ್ತದೆ' ಎಂದರೆ ಸಾಕು. ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವನ ತಲೆಗೆ ಬೀಳುವಷ್ಟು ಅಳಬಾರದು, ಅಷ್ಟೆ.

ಹೊಲಿಗೆಯ ವಿಷಯದಲ್ಲಿ ಒಂದು ಸಲಹೆಯಿದೆ. ಜೂನ್‌ನಲ್ಲಿ ಯಾವ ಆರ್ಡರನ್ನೂ ಒಪ್ಪಿಕೊಳ್ಳಬೇಡಿ. ಗುಂಪಿನಲ್ಲಿ ಹೊಸದಾಗಿ ಕೂತ ಮಕ್ಕಳಿಗೆ ನೆಗಡಿ, ಜ್ವರ ಬೇಗ ಹತ್ತುತ್ತವೆ, ಮಳೆಯೂ ಆಗಲೇ ಶುರುವಾಗಿರುತ್ತದೆ. ಮಗ ವಾರಕ್ಕೆರಡು ದಿನ ಮನೆಯಲ್ಲೇ ಉಳಿದಾಗ ಹೇಳಿದ ದಿನಕ್ಕೆ ಬಟ್ಟೆ ಕೊಡಲಾಗದೆ, ಆ ಸಿಟ್ಟು ಮಗುವಿನ ಮೇಲೆ ತಿರುಗುತ್ತದೆ. ಜುಲೈನಲ್ಲಿ ಸೀರೆಗೆ ಫಾಲ್ ಹಾಕುವಂಥ, ಎರಡು ದಿನ ತಡವಾದರೂ ಯಾರೂ ಬೈಯದ ಕೆಲಸ ಹಿಡಿಯಿರಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಹೊಲಿಸುವವರು ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಹುಡುಗನಿಗೂ ಶಾಲೆ ಒಗ್ಗಿರುತ್ತದೆ. ನಾಲ್ಕು ವರ್ಷ ನಿಂತ ಯಂತ್ರವೆಂದಿರಲ್ಲ, ಬೆಲ್ಟು ಸಡಿಲವಾಗಿರಬಹುದು. ಮೇ ತಿಂಗಳಲ್ಲೇ ಎಣ್ಣೆ ಬಿಟ್ಟು ಒಮ್ಮೆ ಓಡಿಸಿ ನೋಡಿ.