ಮಕ್ಕಳಿಗಾಗಿ ಇಂಟರ್ನೆಟ್‌ಗೆ ಬೀಗ ಹಾಕಬೇಕಾ?

ಆಸ್ಟ್ರೇಲಿಯಾದ ಹೊಸ ಕಾನೂನು ಸುದ್ದಿಯಾದಾಗಿನಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮತ್ತು ಮೊಬೈಲ್ ಬಗ್ಗೆಯೇ. ಅವುಗಳಲ್ಲಿ ಐದಕ್ಕೆ ಈ ಸಲ ಉತ್ತರ ಕೊಡುತ್ತಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಮಗ 8ನೇ ಕ್ಲಾಸು. ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬುವವರೆಗೆ ಇನ್‌ಸ್ಟಾಗ್ರಾಂ ಇಲ್ಲ ಅಂತ ಓದಿದೆ. ನಮ್ಮಲ್ಲೂ ಹಾಗೇ ಮಾಡಿ, ಕೆಟ್ಟ ವೆಬ್‌ಸೈಟ್‌ಗಳನ್ನು ಸರ್ಕಾರವೇ ಮುಚ್ಚಿಬಿಟ್ಟರೆ ನಮ್ಮಂಥ ತಾಯಂದಿರಿಗೆ ನೆಮ್ಮದಿ ಅಲ್ವಾ? — ಒಬ್ಬ ತಾಯಿ, ಹಾಸನ

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ನೀವು ಕೇಳಿರುವುದು ಎರಡು ಬೇರೆ ಬೇರೆ ವಿಷಯ. ವಯಸ್ಸಿನ ಮಿತಿ ಒಂದು, ವೆಬ್‌ಸೈಟ್ ಮುಚ್ಚಿಸುವುದು ಇನ್ನೊಂದು.

ಮೊದಲು ವಯಸ್ಸಿನ ವಿಷಯ. ಆಸ್ಟ್ರೇಲಿಯಾದ ಸಂಸತ್ತು 2024ರ ನವೆಂಬರ್‌ನಲ್ಲಿ ಕಾನೂನು ಮಾಡಿತು. 2025ರ ಡಿಸೆಂಬರ್ 10ರಿಂದ ಅದು ಜಾರಿಗೆ ಬಂತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದ ಕಂಪನಿಗಳು 16 ತುಂಬದವರ ಖಾತೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ದಂಡ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಈ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಶ: ದಂಡ ಕಂಪನಿಗೆ. ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ.

ಇದನ್ನೇ ನಮ್ಮಲ್ಲಿ ತಂದರೆ ಏನಾಗುತ್ತದೆ? ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿನ ಕೈಯಲ್ಲಿರುವುದು ಅಪ್ಪನ ಹಳೇ ಫೋನು. ಸಿಮ್ ಅಪ್ಪನ ಹೆಸರಲ್ಲಿ, ಜಿಮೇಲ್ ಅಪ್ಪನದು, ಹುಟ್ಟಿದ ವರ್ಷವೂ ಅಪ್ಪನದೇ. ಕಂಪನಿಯ ಲೆಕ್ಕದಲ್ಲಿ ರೀಲ್ಸ್ ನೋಡುತ್ತಿರುವವರು 43 ವರ್ಷದ ಗಂಡಸು! ಅಸಲಿ ವಯಸ್ಸು ತಿಳಿಯಬೇಕಾದರೆ ಮುಖ ತೋರಿಸಿ, ಇಲ್ಲವೇ ಗುರುತಿನ ಚೀಟಿ ಕೊಡಿ ಎನ್ನಬೇಕು. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ಸೈಟುಗಳಿಗೆ ಇಂಥ ತಪಾಸಣೆ ಕಡ್ಡಾಯವಾಯಿತು. ಅದಾದ ಒಂದೆರಡು ದಿನದಲ್ಲೇ ಅಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆದ ಉಚಿತ ಆ್ಯಪ್‌ಗಳ ಸಾಲಿನಲ್ಲಿ, ತಾವಿರುವ ದೇಶ ಮರೆಮಾಚಿ ನೆಟ್ ಬಳಸಲು ಬಿಡುವ ವಿಪಿಎನ್‌ಗಳೇ ಮೇಲೆ ಬಂದವು. ಗೇಮ್ ಆಡುವವರು ಹರಟುವ ಡಿಸ್ಕಾರ್ಡ್ ಎಂಬ ಆ್ಯಪ್‌ನ ಮುಖ ತಪಾಸಣೆಗೆ ಹುಡುಗರು ವಿಡಿಯೋ ಗೇಮಿನ ಪಾತ್ರದ ಮುಖ ತೋರಿಸಿ ಪಾಸಾದರು. ಇಲ್ಲಿಯವರೆಗೆ ನಗಬಹುದು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ, ತನ್ನ ಪರವಾಗಿ ಕೆಲಸ ಮಾಡುವ ಬೇರೊಂದು ಕಂಪನಿಯ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೋಗಳು ಸೋರಿಹೋಗಿರಬಹುದು ಎಂದು ಡಿಸ್ಕಾರ್ಡ್ ಒಪ್ಪಿಕೊಂಡಿತು. ವಯಸ್ಸು ಸಾಬೀತು ಮಾಡಲು ಕೊಟ್ಟ ಚೀಟಿಗಳು ಅವು.

ನಮ್ಮ ಕೋರ್ಟುಗಳಲ್ಲೂ ಈ ಮಾತು ಬಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ವಿಚಾರಣೆಯ ನಡುವೆ ಮಿತಿಯನ್ನು 21 ವರ್ಷಕ್ಕೇ ಇಟ್ಟರೆ ಒಳ್ಳೆಯದು ಎಂಬರ್ಥದ ಮಾತಾಡಿತ್ತು. ಅದು ಬಾಯಿಮಾತು, ಆದೇಶವಲ್ಲ. 2025ರ ಏಪ್ರಿಲ್‌ನಲ್ಲಿ 13 ವರ್ಷದೊಳಗಿನವರಿಗೆ ನಿಷೇಧ ಬೇಕೆಂದು ಹೋದವರಿಗೆ ಸುಪ್ರೀಂ ಕೋರ್ಟ್, ಇದು ನೀತಿಯ ವಿಚಾರ, ಸಂಸತ್ತನ್ನು ಕೇಳಿ ಎಂದಿತು. 2023ರ ಡೇಟಾ ರಕ್ಷಣೆ ಕಾನೂನಿನಲ್ಲಂತೂ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ ಎಂದಿದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳಿಗೆ ಒಂದೂವರೆ ವರ್ಷ ಸಮಯ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಇದು ನಿಷೇಧಕ್ಕಿಂತ ಮುಖ್ಯ. ಯಾರೂ ಚರ್ಚೆ ಮಾಡುತ್ತಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಮೇಲಿಂದಲೇ ಮುಚ್ಚುವುದು. ಈಗ ಹೆಚ್ಚಿನ ವೆಬ್‌ಸೈಟುಗಳ ಸಂಪರ್ಕ ಗೂಢಲಿಪಿಯಲ್ಲಿ ನಡೆಯುತ್ತದೆ. ನೆಟ್ ಕೊಡುವ ಕಂಪನಿಗೆ ನಿಮ್ಮ ಮಗ ಯಾವ ಸೈಟಿಗೆ ಹೋದ ಎನ್ನುವುದು ಕಾಣುತ್ತದೆ, ಒಳಗೆ ಯಾವ ಪುಟ ನೋಡಿದ ಎನ್ನುವುದು ಕಾಣುವುದಿಲ್ಲ. ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿರುವ ಒಂದು ಕೆಟ್ಟ ವಿಡಿಯೋ ಮಾತ್ರ ತಡೆಯಲು ಅವರಿಂದ ಆಗದು. ತಡೆದರೆ ಇಡೀ ಇನ್‌ಸ್ಟಾಗ್ರಾಂ ತಡೆಯಬೇಕು. ಒಂದು ಮನೆಯಲ್ಲಿ ಇಸ್ಪೀಟು ಆಡುತ್ತಾರೆಂದು ಇಡೀ ಬೀದಿಗೆ ಬೇಲಿ ಹಾಕಿದ ಹಾಗೆ. ಹಾಕಿದರೂ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ ದಾಟುವುದನ್ನು ಹೈಸ್ಕೂಲು ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಮೆಲ್ಬರ್ನ್‌ನಲ್ಲಿದ್ದೇವೆ. ಮಗಳಿಗೆ 14, ಖಾತೆಗಳು ಬಂದ್ ಆಗಿವೆ. ನನ್ನ ಹೆಸರಲ್ಲಿ ಮಾಡಿಕೊಡು ಅಂತ ದಿನಾ ಹಟ. ಮೈಸೂರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡೋದೂ ಆಗಲ್ವಾ? — ಒಬ್ಬ ತಂದೆ

ಅಜ್ಜಿಗೆ ತೊಂದರೆ ಇಲ್ಲ. ವಾಟ್ಸಾಪ್ ಆ ಪಟ್ಟಿಯಲ್ಲಿಲ್ಲ. ಮೆಸೆಂಜರ್, ಗೂಗಲ್ ಕ್ಲಾಸ್‌ರೂಂ, ಯೂಟ್ಯೂಬ್ ಕಿಡ್ಸ್ ಕೂಡ ಇಲ್ಲ. ಲಾಗಿನ್ ಆಗದೆ ಯೂಟ್ಯೂಬ್ ನೋಡಬಹುದು.

ನಿಮ್ಮ ಹೆಸರಲ್ಲಿ ಖಾತೆ ಮಾತ್ರ ಬೇಡ. ನಿಮಗೆ ದಂಡ ಬೀಳುತ್ತದೆ ಅಂತಲ್ಲ. ದೊಡ್ಡವರ ಖಾತೆಯಲ್ಲಿ ಹದಿಹರೆಯದವರಿಗೆ ಇರುವ ಅಡೆತಡೆಗಳು ಇರುವುದಿಲ್ಲ. ದೊಡ್ಡವರಿಗೆ ಬರುವ ಜಾಹೀರಾತು, ಅಪರಿಚಿತರ ಮೆಸೇಜು ಎಲ್ಲ ಅವಳಿಗೆ ಬರುತ್ತದೆ. ರೋಬ್ಲಾಕ್ಸ್‌ನಂಥ ಗೇಮುಗಳನ್ನು ಕಾನೂನು ಹೊರಗಿಟ್ಟಿದೆ, ಅಲ್ಲೂ ಚಾಟ್ ಇದೆ ಎನ್ನುವುದು ನೆನಪಿರಲಿ.

ಮಕ್ಕಳ ಹೆಸರು ಹೇಳಿದರೆ ಯಾರೂ ಬಾಯಿ ಬಿಡಲ್ಲ ಅಂತ ಸರ್ಕಾರಗಳಿಗೆ ಗೊತ್ತು. ಇವತ್ತು ಅಶ್ಲೀಲ ಸೈಟು, ನಾಳೆ ಸರ್ಕಾರವನ್ನು ಟೀಕಿಸುವ ಸೈಟು. ಇದು ಸೆನ್ಸಾರ್ ಅಲ್ದೆ ಇನ್ನೇನು? — ಕಾನೂನು ವಿದ್ಯಾರ್ಥಿ, ಧಾರವಾಡ

ಸೆನ್ಸಾರೇ. ಆದರೆ ಎಲ್ಲ ಸೆನ್ಸಾರೂ ಒಂದೇ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ತೆಗೆಸಿದರೆ ಯಾರ ಮಾತಿನ ಹಕ್ಕೂ ಹೋಗುವುದಿಲ್ಲ. ಆ ಚಿತ್ರವೇ ಒಂದು ಅಪರಾಧದ ದಾಖಲೆ. ಇಷ್ಟರ ಮಟ್ಟಿಗೆ ನಾನು ತಡೆಯ ಪರ, ಅನುಮಾನವೇ ಇಲ್ಲ. ಅದರಾಚೆ ಪಟ್ಟಿ ಬೆಳೆಯಲು ಶುರುವಾದಾಗ ನಿಮ್ಮ ಭಯಕ್ಕೆ ಆಧಾರ ಸಿಗುತ್ತದೆ.

ನಮ್ಮದೇ ಕತೆ ನೋಡಿ. 2015ರ ಜುಲೈ 31ರಂದು ದೂರಸಂಪರ್ಕ ಇಲಾಖೆ 857 ಸೈಟುಗಳನ್ನು ಮುಚ್ಚಲು ಹೇಳಿತು. ಪಟ್ಟಿಯಲ್ಲಿ ಬರೀ ಜೋಕು, ತಮಾಷೆ ವಿಡಿಯೋ ಹಾಕುವ ಸೈಟೂ ಇತ್ತು. ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಇಲಾಖೆ, ಮಕ್ಕಳ ಅಶ್ಲೀಲ ಚಿತ್ರ ಇಲ್ಲದವನ್ನು ನೀವು ತೆರೆಯಬಹುದು ಎಂದು ಕಂಪನಿಗಳಿಗೇ ಬಿಟ್ಟಿತು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಅಂತ ನಾವು ಹೇಗೆ ನೋಡೋಣ ಎಂದು ಕಂಪನಿಗಳು ಕೇಳಿದವು. ನ್ಯಾಯವಾದ ಪ್ರಶ್ನೆಯೇ. ಮುಂದೆ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಮೇಲೆ ಅದೇ ಪಟ್ಟಿ ಮತ್ತೆ ಹೊರಬಂತು. ಈ ಸಲ ಐಟಿ ಸಚಿವಾಲಯ ಪರಿಶೀಲಿಸಿ ನೋಡಿದರೆ 30 ಸೈಟುಗಳಲ್ಲಿ ಅಶ್ಲೀಲ ಏನೂ ಇರಲಿಲ್ಲ! ಉಳಿದ 827 ಮುಚ್ಚಿದರು. ಅವುಗಳಲ್ಲಿ ಅತಿ ದೊಡ್ಡದು ವಿಳಾಸದ ಬಾಲ ಬದಲಿಸಿ ಕೆಲವೇ ದಿನಗಳಲ್ಲಿ ಮತ್ತೆ ತೆರೆಯಿತು.

ಆಸ್ಟ್ರೇಲಿಯಾಕ್ಕೂ ಇದು ಮೊದಲ ಪ್ರಯತ್ನವಲ್ಲ. 2008ರ ಸುಮಾರಿಗೆ ಇಡೀ ದೇಶಕ್ಕೆ ಫಿಲ್ಟರ್ ಹಾಕುವ ಯೋಜನೆ ಇತ್ತು. 2009ರಲ್ಲಿ ಅಲ್ಲಿನ ನಿಯಂತ್ರಕರ ಗುಟ್ಟಿನ ಪಟ್ಟಿ ಎನ್ನಲಾದ ಒಂದು ಪಟ್ಟಿ ಸೋರಿತು. ನೋಡಿದರೆ ಕ್ವೀನ್ಸ್‌ಲ್ಯಾಂಡ್‌ನ ಒಬ್ಬ ಹಲ್ಲಿನ ಡಾಕ್ಟರ ಸೈಟೂ ಅದರಲ್ಲಿತ್ತು. ತಮ್ಮ ಸೈಟು ಅಂಥ ಪಟ್ಟಿಯಲ್ಲಿದೆ ಎಂದು ಅವರಿಗೇ ಗೊತ್ತಿರಲಿಲ್ಲ. 2012ರಲ್ಲಿ ಯೋಜನೆ ಕೈಬಿಟ್ಟರು. ಬ್ರಿಟನ್‌ನಲ್ಲಿ ಮಕ್ಕಳ ದೌರ್ಜನ್ಯದ ಚಿತ್ರಗಳ ಪಟ್ಟಿ ನೋಡಿಕೊಳ್ಳುವ ಇಂಟರ್ನೆಟ್ ವಾಚ್ ಫೌಂಡೇಶನ್ ಒಳ್ಳೆಯ ಕೆಲಸ ಮಾಡುವ ಸಂಸ್ಥೆ. ಅವರೂ 2008ರ ಡಿಸೆಂಬರ್‌ನಲ್ಲಿ ಹಳೇ ಸಂಗೀತ ಆಲ್ಬಂ ಒಂದರ ಮುಖಚಿತ್ರಕ್ಕಾಗಿ ವಿಕಿಪೀಡಿಯದ ಪುಟವನ್ನು ಪಟ್ಟಿಗೆ ಸೇರಿಸಿದರು. ಅದರ ಪರಿಣಾಮ, ಬ್ರಿಟನ್‌ನ ಎಷ್ಟೋ ಜನರಿಗೆ ವಿಕಿಪೀಡಿಯ ತಿದ್ದಲು ಆಗಲಿಲ್ಲ. ನಾಲ್ಕೈದು ದಿನದಲ್ಲಿ ಪಟ್ಟಿಯಿಂದ ತೆಗೆದರು. ಪುಟ ಮುಚ್ಚಿದ್ದು ಎಲ್ಲರಿಗೂ ಕಂಡಿತು, ಅದಕ್ಕೇ ಸರಿಹೋಯಿತು.

ನಮ್ಮಲ್ಲಿ ಅದು ಕಾಣುವುದಿಲ್ಲ. ಐಟಿ ಕಾಯ್ದೆಯ 69ಎ ಕಲಮಿನಡಿ ಸೈಟು ಮುಚ್ಚುವ ಆದೇಶಗಳನ್ನು 2009ರ ನಿಯಮಗಳು ಗೌಪ್ಯವಾಗಿಡುತ್ತವೆ. ಅಂದ ಹಾಗೆ, ಆ ಕಲಮಿನಲ್ಲಿ ಮಕ್ಕಳ ರಕ್ಷಣೆ ಎಂಬ ಕಾರಣವೇ ಇಲ್ಲ. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥವು ಮಾತ್ರ ಇವೆ. 2015ರ ಆದೇಶವನ್ನು ಅದಕ್ಕೇ, ನೆಟ್ ಕಂಪನಿಗಳ ಹೊಣೆಯ ಬಗ್ಗೆ ಹೇಳುವ 79ನೇ ಕಲಮಿನ ಸುತ್ತುದಾರಿಯಲ್ಲಿ ತಂದರು. ನೀವು ಕಾನೂನು ಓದುತ್ತಿದ್ದೀರಿ. ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪನ್ನು, ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಬಹುದಾಗಿದ್ದ 66ಎ ಕಲಮು ರದ್ದಾದ ಕತೆ ಎಂದಷ್ಟೇ ಓದಬೇಡಿ. 69ಎ ಉಳಿದದ್ದು ಯಾವ ಭರವಸೆಯ ಮೇಲೆ ಎನ್ನುವ ಭಾಗವನ್ನೂ ಓದಿ.

ನಾನು ಹೈಸ್ಕೂಲು ಟೀಚರ್. 9ನೇ ಕ್ಲಾಸಿನ ಹುಡುಗಿಯೊಬ್ಬಳು ಅಳುತ್ತ ಬಂದಳು. ಗೇಮ್ ಚಾಟ್‌ನಲ್ಲಿ ಪರಿಚಯ ಆದವನು ಇನ್‌ಸ್ಟಾಗ್ರಾಂಗೆ ಕರೆದು, ಪ್ರೀತಿ ಗೀತಿ ಅಂತ ಫೋಟೋ ತರಿಸಿಕೊಂಡಿದ್ದಾನೆ. ಈಗ 5,000 ರೂಪಾಯಿ ಕೊಡು, ಇಲ್ಲಾಂದ್ರೆ ನಿಮ್ಮಪ್ಪಂಗೆ ಕಳಿಸ್ತೀನಿ ಅಂತಿದ್ದಾನೆ. ಮನೇಲಿ ಫೋನೇ ಮುಟ್ಟಬೇಡ ಅಂದಿದ್ರಂತೆ. ಗೊತ್ತಾದ್ರೆ ಶಾಲೆ ಬಿಡಿಸ್ತಾರೆ ಅಂತ ಹೆದರಿದ್ದಾಳೆ. — ತುಮಕೂರು ಜಿಲ್ಲೆ

ಟೀಚರ್, ಅವನು ಹೇಳಿದ್ದನ್ನು ಇನ್ನೊಮ್ಮೆ ಓದಿ. ಊರಿಗೆಲ್ಲ ಹಂಚುತ್ತೇನೆ ಅನ್ನಲಿಲ್ಲ. ನಿಮ್ಮಪ್ಪಂಗೆ ಕಳಿಸ್ತೀನಿ ಅಂದ. ಮನೆಯಲ್ಲಿ ಫೋನು ನಿಷೇಧ ಎನ್ನುವುದನ್ನು ಅವಳೇ ಚಾಟ್‌ನಲ್ಲಿ ಹೇಳಿರುತ್ತಾಳೆ. ಅದನ್ನೇ ಅವನು ಹಿಡಿದುಕೊಂಡಿದ್ದಾನೆ. ನನ್ನ ಬಳಿ ಬರುವ ಇಂಥ ಪ್ರಕರಣಗಳಲ್ಲಿ ಮಕ್ಕಳಿಗೆ ಪೊಲೀಸರಿಗಿಂತ, ಆ ಕಿಡಿಗೇಡಿಗಿಂತ ಜಾಸ್ತಿ ಹೆದರಿಕೆ ಇರುವುದು ಮನೆಯವರದು. ನಿಷೇಧದ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಕಾನೂನಿನದಾಗಲಿ ಮನೆಯದಾಗಲಿ, ಮಗು ಅದನ್ನು ಮುರಿದ ಮೇಲೆ ಸಹಾಯ ಕೇಳಲು ಬಾಯಿ ಬರುವುದಿಲ್ಲ. ಅವಳು ನಿಮ್ಮ ಹತ್ತಿರ ಬಂದಳಲ್ಲ, ಅರ್ಧ ಕೆಲಸ ಆಯಿತು.

ಈಗ ಮಾಡಬೇಕಾದ್ದು. ದುಡ್ಡು ಕೊಡಬಾರದು. ಕೊಟ್ಟರೆ ಮತ್ತೆ ಕೇಳುತ್ತಾನೆ. ಚಾಟ್ ಅಳಿಸಬಾರದು. ಅವನ ಬೆದರಿಕೆ, ಖಾತೆಯ ಹೆಸರು, ಯುಪಿಐ ಐಡಿ, ಕ್ಯೂಆರ್ ಕೋಡ್ ಕಳಿಸಿದ್ದರೆ ಅದು, ಇವುಗಳ ಸ್ಕ್ರೀನ್‌ಶಾಟ್ ಅವಳ ಫೋನಿನಲ್ಲೇ ತೆಗೆದಿಡಿ. ಆಮೇಲೆ ಅವನನ್ನು ಬ್ಲಾಕ್ ಮಾಡಲಿ. ಒಂದು ಮುಖ್ಯ ಮಾತು: ಅವಳ ಆ ಫೋಟೋವನ್ನು ಸಾಕ್ಷಿಗೆ ಅಂತ ನಿಮ್ಮ ಫೋನಿಗೆ ಹಾಕಿಸಿಕೊಳ್ಳಬೇಡಿ, ಹೆಡ್‌ಮಾಸ್ಟರ್‌ಗೂ ಕಳಿಸಬೇಡಿ. ಮಗುವಿನ ಅಂಥ ಚಿತ್ರ ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬಹಳ ಬಿಗಿಯಾಗಿ ಹೇಳಿದೆ.

ದೂರು ಕೊಡುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಪೋಕ್ಸೋ ಕಾಯ್ದೆಯ 19ನೇ ಕಲಮು ಹೇಳುತ್ತದೆ. ತಿಳಿಸದಿದ್ದರೆ ಶಿಕ್ಷೆ ಇದೆ. ಸ್ಟೇಷನ್ ಮೆಟ್ಟಿಲು ಹತ್ತಬೇಕಲ್ಲ ಎಂದು ಅವಳು ಹೆದರಿದರೆ ಇದನ್ನು ಹೇಳಿ: ಅವಳ ಹೇಳಿಕೆಯನ್ನು ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ ಪಡೆಯಬೇಕು, ಪೊಲೀಸರು ಯೂನಿಫಾರ್ಮ್‌ನಲ್ಲಿ ಇರಬಾರದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಅವಳ ಹೆಸರು ಎಲ್ಲೂ ಬರುವಂತಿಲ್ಲ. 1098 ಮಕ್ಕಳ ಸಹಾಯವಾಣಿಗೆ ಈಗಲೇ ಫೋನ್ ಮಾಡಿ. ಈಗಾಗಲೇ ದುಡ್ಡು ಹಾಕಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಮಾಡಿ.

ಫೋಟೋ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಅಮೆರಿಕದ, ಕಾಣೆಯಾದ ಮತ್ತು ಶೋಷಿತ ಮಕ್ಕಳ ಕೇಂದ್ರ ಇದನ್ನು ನಡೆಸುತ್ತದೆ. ಫೋಟೋ ಅವಳ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಒಂದು ಡಿಜಿಟಲ್ ಬೆರಳಚ್ಚು ಮಾತ್ರ ತಯಾರಾಗಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳಿಗೆ ಸಿಗುತ್ತದೆ. ಅಲ್ಲಿ ಯಾರಾದರೂ ಅದೇ ಚಿತ್ರ ಹಾಕಿದರೆ ಗುರುತಿಸಿ ತೆಗೆಯಬಹುದು. ಗೂಢಲಿಪಿ ಚಾಟ್‌ಗಳಲ್ಲಿ ಇದು ನಡೆಯದು.

ಮನೆಯವರಿಗೆ ನೀವೇ ಹೇಳಿ, ಅವಳ ಜೊತೆ ಕೂತು. ಮೊದಲು ಅಮ್ಮನಿಗೆ ಹೇಳಬೇಕೋ ಅಪ್ಪನಿಗೋ ಎನ್ನುವುದನ್ನು ಅವಳೇ ಆರಿಸಲಿ. ಅವನು ಕಳಿಸುವ ಮೊದಲೇ ಅಪ್ಪನಿಗೆ ವಿಷಯ ಗೊತ್ತಿದ್ದರೆ ಅವನ ಕೈಯಲ್ಲಿ ಹೆದರಿಸಲು ಏನೂ ಉಳಿಯುವುದಿಲ್ಲ.

ಯಾವ ಆ್ಯಪ್ ಹಾಕಿದರೆ ಎಲ್ಲ ಬಂದ್ ಆಗುತ್ತೆ? ಒಂದೇ ಸಾಲಲ್ಲಿ ಹೇಳಿ. — ಶಿರಸಿ

ಅಂಥ ಆ್ಯಪ್ ಇಲ್ಲ. ಎರಡು ಸಾಲು ಕೊಡಿ, ಹೇಳುತ್ತೇನೆ. ಮನೆಯ ವೈಫೈ ರೂಟರ್‌ನಲ್ಲಿ ಡಿಎನ್‌ಎಸ್ ವಿಳಾಸ 1.1.1.3 ಮತ್ತು 1.0.0.3 ಹಾಕಿದರೆ ಅಶ್ಲೀಲ ಸೈಟುಗಳು ಹೆಚ್ಚುಕಡಿಮೆ ನಿಲ್ಲುತ್ತವೆ, ದುಡ್ಡು ಕೊಡಬೇಕಿಲ್ಲ. ಇದು ವೈಫೈಗೆ ಮಾತ್ರ, ಮೊಬೈಲ್ ಡೇಟಾ ಆನ್ ಮಾಡಿದರೆ ಲೆಕ್ಕಕ್ಕಿಲ್ಲ. ಏಳೆಂಟು ವರ್ಷದ ಮಗುವಿಗೆ ಇಷ್ಟು ಸಾಕು. ರೂಟರ್ ಕೆಳಗೆ ಅಂಟಿಸಿರುವ ಚೀಟಿಯ ಪಾಸ್‌ವರ್ಡನ್ನು ಬದಲಿಸಲು ಮರೆಯಬೇಡಿ, ಮಕ್ಕಳು ಮೊದಲು ನೋಡುವುದು ಅಲ್ಲೇ.