ಮುರಿದ ವೈಸ್‌ಗೆ ವೆಲ್ಡಿಂಗ್ ನಿಲ್ಲುತ್ತದಾ?

ಸರ್, ಗಂಗಾವತಿಯ ನಿಮ್ಮ ಗ್ಯಾರೇಜಿನಲ್ಲಿ ಕೆಲಸದ ಸಾಮಾನು ಬಿಗಿಹಿಡಿಯುವ ಬೆಂಚ್ ವೈಸ್‌ನ ಓಡಾಡುವ ದವಡೆ ಬಿರುಕು ಬಿಟ್ಟಿದೆ, ಮಾಮೂಲಿ ರಾಡಲ್ಲಿ ವೆಲ್ಡ್ ಮಾಡಿಸಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಬೀಡಿನದಾಗಿದ್ದರೆ (ಎರಕದ ಕಬ್ಬಿಣ) ನಿಲ್ಲುವುದಿಲ್ಲ, ವೆಲ್ಡ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಮೊದಲು ಕಾಣದ ಜಾಗದಲ್ಲಿ ಸಣ್ಣ ಡ್ರಿಲ್ ಹಾಕಿ ನೋಡಿ. ಕಪ್ಪು ಪುಡಿ ಉದುರಿದರೆ ಬೀಡು, ಉದ್ದ ಸುರುಳಿ ಬಂದರೆ ಸ್ಟೀಲ್. ಸ್ಟೀಲಾದರೆ ಕೆಲಸ ಸುಲಭ, 7018 ನಂಬರಿನ ವೆಲ್ಡಿಂಗ್ ರಾಡ್ ಸಾಕು.

ಬೀಡಿಗೆ ನಿಕಲ್ ರಾಡೇ ಬೇಕು. ಜಾಸ್ತಿ ದುಬಾರಿ, ಆದರೆ ಬೇಕಾಗುವುದು ನಾಲ್ಕೈದು ಕಡ್ಡಿ ಅಷ್ಟೇ ಅಲ್ವಾ. ಬಿರುಕಿನ ತುದಿಗೆ 3 ಮಿ.ಮೀ. ತೂತು ಹೊಡೆಯಿರಿ, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ಬಿರುಕನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಎಣ್ಣೆ ಜಿಡ್ಡು ಸುಟ್ಟು ತೆಗೆಯಿರಿ. ಇಡೀ ದವಡೆಯನ್ನು 250 ಡಿಗ್ರಿ ತನಕ ನಿಧಾನವಾಗಿ ಕಾಯಿಸಿ. ಒಂದೊಂದು ಇಂಚು ಮಾತ್ರ ವೆಲ್ಡ್ ಹಾಕಿ, ಬಿಸಿ ಇರುವಾಗಲೇ ಗುಂಡು ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ವೆಲ್ಡ್ ಆರುವಾಗ ಬರುವ ಎಳೆತ ಕಮ್ಮಿಯಾಗುವುದು ಅದರಿಂದಲೇ.

ಆಮೇಲೆ ನೀರು ಸೋಕಿಸಬೇಡಿ. ನಿಮ್ಮೂರಲ್ಲಿ ರೈಸ್ ಮಿಲ್ಲಿಗೇನು ಬರವಾ? ಒಣಗಿದ ಹೊಟ್ಟಿನ ಬೂದಿ ಒಂದು ಪುಟ್ಟಿ ತಂದು ದವಡೆ ನಿಧಾನ ಆರುವಂತೆ ರಾತ್ರಿಯೆಲ್ಲ ಅದರೊಳಗೆ ಹೂತಿಡಿ.

ಸ್ಕ್ರೂ ನಟ್ ಕೂರುವ ಜಾಗವೇ ಒಡೆದಿದ್ದರೆ ಮಾತ್ರ ಸುಮ್ನೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ. ಅಂದಹಾಗೆ, ಹಿಡಿಗೆ ಪೈಪ್ ಸಿಕ್ಕಿಸಿ ಜಾಸ್ತಿ ಬಿಗಿ ಮಾಡಿಯೇ ಬಿರುಕು ಬಂತಾ?