ಹೊತ್ತು ಮುಳುಗಿದ ಮೇಲೆ ನೀರು ಕುಡಿಯದ ಹೆಂಗಸರು

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗಿಬಿಡುತ್ತೇವೆ. 2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಜೀವ ಕಳೆದುಕೊಂಡ ಮೆಡಿಕಲ್ ವಿದ್ಯಾರ್ಥಿ ನಮ್ಮ ಜಿಲ್ಲೆಯ ಹುಡುಗನೇ ಅಲ್ವಾ. ಮೊನ್ನೆ ಹತ್ತನೇ ಕ್ಲಾಸಿನ ನನ್ನ ಮಗಳು ಕೇಳಿದಳು: "ಅವ್ವಾ, ಯುದ್ಧದಾಗ ಸಾಯೋರು ಗಂಡಸ್ರ ಜಾಸ್ತಿ. ಹೆಂಗಸ್ರು ತಪ್ಪಿಸ್ಕೊಂಡು ಕ್ಯಾಂಪಿಗೆ ಬರ್ತಾರ. ಮತ್ತ ಹೆಣ್ಮಕ್ಕಳಿಗೆ ಕಷ್ಟ ಹೆಚ್ಚು ಅಂತ ಯಾಕ ಅಂತಾರ?" ನನಗೆ ಉತ್ತರ ಹೊಳೆಯಲಿಲ್ಲ.
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ತಪ್ಪಿಸಿಕೊಂಡು ಬಂದರು, ಇನ್ನೇನು ಕಷ್ಟ ಮುಗಿಯಿತು ಅಂತ ನಾವೆಲ್ಲ ತಿಳಿದಿದ್ದೇವೆ. ನಾನೂ ಹಾಗೇ ತಿಳಿದಿದ್ದೆ.

ಧಾರವಾಡದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಯುದ್ಧ ಕಂಡವಳಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಊರುಗಳಿಗೆ ನೀರು ನುಗ್ಗಿದಾಗ, ಒಂದು ಶಾಲೆಯ ಗಂಜಿ ಕೇಂದ್ರದಲ್ಲಿ ಎಂಟು ದಿನ ಇದ್ದೆ. ಊಟಕ್ಕೆ ಕೊರತೆ ಇರಲಿಲ್ಲ. ದಿನಾ ಯಾರಾದರೂ ರೊಟ್ಟಿ ಗಂಟು ತಂದು ಇಳಿಸುತ್ತಿದ್ದರು. ಮೂರನೇ ದಿನ ಹೆಂಗಸರು ಒಬ್ಬೊಬ್ಬರಾಗಿ ಬಂದು, ದನಿ ತಗ್ಗಿಸಿ, ಉರಿಮೂತ್ರ ಅಂತ ಹೇಳತೊಡಗಿದರು. ನೀರು ಕುಡಿಯುತ್ತೀರೋ ಇಲ್ಲವೋ ಅಂತ ಗದರಿಸಿದೆ. ಆಗ ಒಬ್ಬ ಅಜ್ಜಿ ಹೇಳಿದಳು: "ಹೊತ್ತು ಮುಳುಗಿದ ಮ್ಯಾಲೆ ಒಂದು ಗುಟುಕೂ ಕುಡಿಯಂಗಿಲ್ರೀ ಅಕ್ಕಾರ. ಕುಡದ್ರ ರಾತ್ರಿ ಎದ್ದು ಹೋಗಬೇಕಾಗತೈತಿ. ಬಾಗಲಕ್ಕ ಚಿಲಕಿಲ್ಲ."

ಹೋಗಿ ನೋಡಿದೆ. ಎರಡೇ ಶೌಚಾಲಯ. ಲೈಟಿಲ್ಲ. ಒಂದರ ಬಾಗಿಲಿಗೆ ಚಿಲಕ ಕಿತ್ತುಹೋಗಿ ಬರೀ ತೂತು ಉಳಿದಿತ್ತು. ಆ ತೂತಿಗೆ ಯಾರೋ ಸೀರೆ ಅಂಚಿನ ಚಿಂದಿ ತುರುಕಿದ್ದರು. ಹುಡುಗಿಯರು ಇಬ್ಬಿಬ್ಬರು ಜೊತೆಯಾಗಿ ಬರುತ್ತಿದ್ದರು. ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು. ಮುಟ್ಟಾದವರ ಪಾಡು ಕೇಳಲೇಬೇಡಿ. ಮೂರು ದಿನದಲ್ಲಿ ಎಷ್ಟೊಂದು ಜನ ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಒಬ್ಬರೂ ಆ ಹೆಂಗಸರನ್ನು ಏನು ಬೇಕು ಅಂತ ಕೇಳಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮದು ಎಂಟು ದಿನದ ಮಾತು. ಸುತ್ತ ಇದ್ದವರು ನಮ್ಮ ಊರವರೇ. ಯುದ್ಧದಿಂದ ಓಡಿ ಬಂದವಳು ಅಂಥ ಜಾಗದಲ್ಲಿ ವರ್ಷಗಟ್ಟಲೆ ಇರಬೇಕು. ಜೊತೆಗೆ ಗುರುತಿಲ್ಲದ ಜನ, ಹೊರಗೆ ಬಂದೂಕು ಹಿಡಿದವರು. ಪರಿಹಾರ ಶಿಬಿರಗಳಿಗೆ ಜಗತ್ತೆಲ್ಲ ಒಪ್ಪುವ 'ಸ್ಫಿಯರ್' ಅನ್ನುವ ನಿಯಮಗಳಿವೆ. 20 ಜನಕ್ಕೆ ಒಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು, ಒಳಗಿಂದ ಹಾಕಿಕೊಳ್ಳುವ ಚಿಲಕ, ರಾತ್ರಿ ಬೆಳಕು. ಅದನ್ನು ಓದಿದಾಗ ಆ ಅಜ್ಜಿಯೇ ಕಣ್ಣಮುಂದೆ ಬಂದಳು.

ಸುಡಾನಿನ ದಾರ್ಫುರ್‌ನಲ್ಲಿ ಶಿಬಿರದ ಹೆಂಗಸರು ಸೌದೆಗೆ ಹೋದಾಗ ಅವರ ಮೇಲೆ ಅತ್ಯಾಚಾರ ನಡೆಯುತ್ತಿತ್ತು. ಹಾಗಾದರೆ ಗಂಡಸರು ಯಾಕೆ ಹೋಗಲಿಲ್ಲ ಅಂತ ಮಗಳು ಕೇಳಬಹುದು. ಹೋದರೆ ಅವರನ್ನು ಕೊಲ್ಲುತ್ತಿದ್ದರು. ಒಲೆ ಉರಿಯಬೇಕಲ್ಲ, ಅದಕ್ಕೆ ಹೆಂಗಸರೇ ಹೋಗುತ್ತಿದ್ದರು.

ಈ ಮಾತನ್ನು ಮಗಳಿಂದ ಮುಚ್ಚಿಡಬೇಡಿ. ಎದುರಾಳಿ ಜನಾಂಗವನ್ನು ಮುರಿಯಲಿಕ್ಕೆ ಅವರ ಹೆಂಗಸರ ಮೈಯನ್ನೇ ರಣರಂಗ ಮಾಡುತ್ತಾರೆ. ರುವಾಂಡಾದಲ್ಲಿ 1994ರಲ್ಲಿ ಆದದ್ದು ಅದೇ. ಅತ್ಯಾಚಾರವೂ ನರಮೇಧದ ಕೃತ್ಯವೇ ಅಂತ ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 1998ರಲ್ಲಿ. ದೂರದ ಮಾತು ಅಂದುಕೊಳ್ಳಬೇಡಿ. 2023ರ ಮೇ ತಿಂಗಳಲ್ಲಿ ನಮ್ಮದೇ ಮಣಿಪುರದಲ್ಲಿ ಹೆಂಗಸರನ್ನು ಬೆತ್ತಲೆ ಮೆರವಣಿಗೆ ಮಾಡಿದರು. ನಮಗೆ ವಿಡಿಯೋ ಕಂಡದ್ದು ಜುಲೈನಲ್ಲಿ. ಇರಾಕಿನಲ್ಲಿರುವ ಯಾಜಿದಿ ಅನ್ನುವ ಅಲ್ಪಸಂಖ್ಯಾತ ಜನಾಂಗದ ಹುಡುಗಿ ನಾದಿಯಾ ಮುರಾದ್‌ಳ ಹೆಸರನ್ನೂ ಮಗಳಿಗೆ ಹೇಳಿ. 2014ರಲ್ಲಿ ಐಸಿಸ್ ಉಗ್ರರು ಅವಳನ್ನು ಹೊತ್ತೊಯ್ದು ಗುಲಾಮಳನ್ನಾಗಿ ಮಾಡಿಕೊಂಡಿದ್ದರು. ತಪ್ಪಿಸಿಕೊಂಡು ಬಂದು, ತನ್ನ ಹೆಸರು ಮುಖ ಮುಚ್ಚಿಕೊಳ್ಳದೆ ಲೋಕದ ಮುಂದೆ ಎಲ್ಲ ಹೇಳಿದಳು. 2018ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಾಂಗೋದಲ್ಲಿ ಇಂಥ ಹೆಂಗಸರಿಗೆ ಆಪರೇಷನ್ ಮಾಡುವ ಡಾಕ್ಟರ್ ಡೆನಿಸ್ ಮುಕ್ವೇಗೆ ಅವರ ಜೊತೆ.

ಇನ್ನೊಂದು, ನಿಮ್ಮ ಮಗಳ ವಯಸ್ಸಿನವರದ್ದು. ಸಿರಿಯಾದಿಂದ ಓಡಿ ಜೋರ್ಡಾನ್ ಸೇರಿದವರಲ್ಲಿ 2011ರಲ್ಲಿ ನೋಂದಣಿಯಾದ ನೂರು ಮದುವೆಗಳಲ್ಲಿ 12ರಲ್ಲಿ ಹುಡುಗಿಗೆ ಹದಿನೆಂಟು ತುಂಬಿರಲಿಲ್ಲ. 2013ಕ್ಕೆ ಅದು 25 ಆಯಿತು. ಅವರೇನು ಕೆಟ್ಟ ತಂದೆ ತಾಯಿಯಲ್ಲ. ಬಾಗಿಲಿಲ್ಲದ ಟೆಂಟಿನಲ್ಲಿ ವಯಸ್ಸಿಗೆ ಬಂದ ಹುಡುಗಿಯನ್ನು ಹೇಗೆ ಕಾಯೋದು, ಒಬ್ಬನ ಕೈಗೆ ಕೊಟ್ಟರೆ ಅಷ್ಟಾದರೂ ಭದ್ರ ಅಂದುಕೊಂಡರು. ನಮ್ಮ ಕಡೆ ಗುಳೆ ಹೋಗುವವರು, ಬೆಳೆದ ಮಗಳನ್ನು ಯಾರ ಹತ್ತಿರ ಬಿಡೋದು ಅಂತ ಹೊರಡುವ ಮುಂಚೆ ಅಕ್ಕಿಕಾಳು ಹಾಕಿ ಮುಗಿಸುವುದಿಲ್ಲವೇ? ಹದಿನಾರಕ್ಕೆ ಬಸುರಿಯಾಗಿ ರಕ್ತವಿಲ್ಲದೆ ಬಿಳಿಚಿಕೊಂಡು ನನ್ನ ವಾರ್ಡಿಗೆ ಬಂದ ಹುಡುಗಿಯರ ಮುಖ ನನಗೆ ಮರೆತಿಲ್ಲ. ಯುದ್ಧದಲ್ಲಿ ಸತ್ತವರ ಲೆಕ್ಕದಲ್ಲಿ ಇಂಥವರು ಬರುವುದಿಲ್ಲ ತಂಗೀ. ಮಗಳಿಗೆ ಅದನ್ನೇ ಹೇಳಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ನಿರಾಶ್ರಿತರಿಗೆ ಅಂತ ಹಳೆ ಸೀರೆ ಕೂಡಿಸುತ್ತಿದ್ದೇವೆ. ಬೇರೆ ಏನು ಕಳಿಸಬಹುದು?
– ಗದಗದಿಂದ ಒಬ್ಬ ಓದುಗರು

ಉತ್ತರ: ಮೊದಲು ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿಗೆ ಫೋನ್ ಮಾಡಿ ಕೇಳಿ. ಹಳೆ ಸೀರೆ ಅಲ್ಲಿ ರಾಶಿ ಬಿದ್ದಿರುತ್ತದೆ. ಬೇಕಾಗುವುದು ಹೊಸ ಒಳ ಉಡುಪು, ಬೇರೆ ಬೇರೆ ಅಳತೆಯವು. ಪ್ಯಾಡು, ಇಲ್ಲವೇ ತೊಳೆದು ಒಣಗಿಸಿದ ಕಾಟನ್ ಬಟ್ಟೆ. ಅದನ್ನು ತೊಳೆಯಲು ಮುಚ್ಚಳದ ಬಕೆಟ್, ಸಾಬೂನು. ಒಣಹಾಕಲು ಹಗ್ಗ. ಜೊತೆಗೆ ಮನೆಗೊಂದು ಟಾರ್ಚ್, ಸೆಲ್ ಹಾಕಿಯೇ ಕೊಡಿ.